ಜನಸಂಖ್ಯೆ ಇಳಿದಾಗ

ಜನಗಣತಿಯ ಪುಟ ತೆರೆದು ನೋಡಿ. 2001ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಜನಸಂಖ್ಯೆ 18 ಲಕ್ಷ ದಾಟಿತ್ತು, 2011ರಲ್ಲಿ 9,90,923. ಅರ್ಧದಷ್ಟು ಜನ ಎಲ್ಲಿ ಹೋದರು? ಎಲ್ಲಿಗೂ ಹೋಗಲಿಲ್ಲ. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಸೇರಿ ಬೇರೆ ಜಿಲ್ಲೆಯಾಯಿತು. ಉಳಿದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ ಜನ ಹೆಚ್ಚಿದ್ದೇ ನಿಜ: 8,50,968ರಿಂದ ಶೇ. 16ರಷ್ಟು.

ಆದರೆ ಎಲ್ಲ ಇಳಿಕೆಯೂ ಗಡಿರೇಖೆಯ ಆಟವಲ್ಲ. ಪಕ್ಕದ ಬೆಂಗಳೂರಿನಲ್ಲಿ, ದಂಡು ಪ್ರದೇಶವೂ ಸೇರಿ, 1891ರಲ್ಲಿ 1,80,366 ಜನರಿದ್ದರು, 1901ರಲ್ಲಿ 1,59,046. ನಡುವೆ 1898ರಲ್ಲಿ ಪ್ಲೇಗ್ ಬಂದಿತ್ತು. ಸಾವಿರಾರು ಮಂದಿ ಸತ್ತರು, ಅನೇಕರು ಊರು ಬಿಟ್ಟರು. ಗಣತಿಯ ಅಂಕಿಯಲ್ಲಿ ಇಬ್ಬರೂ ಒಂದೇ. ವಿಕ್ಟೋರಿಯಾ ಆಸ್ಪತ್ರೆ ತೆರೆದದ್ದು 1900ರಲ್ಲಿ. ಮಲ್ಲೇಶ್ವರ, ಬಸವನಗುಡಿಗಳ ಅಗಲ ಬೀದಿಗಳು ತುಂಬಿದ್ದು ಆ ಭಯದ ನಂತರವೇ.