ಕಣ್ಣಿಗೆ ಕಾಣದ ಹಸಿರು

1887ರಲ್ಲಿ ಜರ್ಮನಿಯ ಕಲೋನ್ ನಗರದ ಶಸ್ತ್ರವೈದ್ಯ ಬರ್ನ್‌ಹಾರ್ಡ್ ಬಾರ್ಡನ್‌ಹಾಯರ್ ಗಡ್ಡೆ ಬೆಳೆದಿದ್ದ ಮೂತ್ರಕೋಶವೊಂದನ್ನು ಇಡಿಯಾಗಿ ತೆಗೆದರು. ರೋಗಿ ಬದುಕಿದ್ದು ಎರಡು ವಾರ ಮಾತ್ರ. ಮೂತ್ರಕೋಶವನ್ನು ತೆಗೆದದ್ದಾಯಿತು, ಮೂತ್ರಪಿಂಡಗಳಿಂದ ಇಳಿದುಬರುವ ಎರಡು ನಾಳಗಳನ್ನು ಎಲ್ಲಿಗೆ ಜೋಡಿಸುವುದು? ಈ ಪ್ರಶ್ನೆಗೆ ನೆಚ್ಚಬಹುದಾದ ಉತ್ತರ ದೊರೆತದ್ದು 1950ರಲ್ಲಿ. ಸಣ್ಣಕರುಳಿನ ತುಂಡೊಂದನ್ನು ಬೇರ್ಪಡಿಸಿ, ನಾಳಗಳನ್ನು ಅದಕ್ಕೆ ಹೊಲಿದು, ಅದರ ಬಾಯನ್ನು ಹೊಟ್ಟೆಯ ಚರ್ಮಕ್ಕೆ ತೆರೆಯುವ ವಿಧಾನವನ್ನು ಅಮೆರಿಕದ ಯೂಜೀನ್ ಬ್ರಿಕರ್ ವಿವರಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ.

ಆದರೆ ಆ ಹೊಲಿಗೆಯಲ್ಲೊಂದು ಅಪಾಯ ಉಳಿಯಿತು. ಮೂತ್ರನಾಳಕ್ಕೆ ತನ್ನದೇ ಆದ ದೊಡ್ಡ ರಕ್ತನಾಳವಿಲ್ಲ. ದಾರಿಯುದ್ದಕ್ಕೂ ಅಲ್ಲಲ್ಲಿ ಬಂದು ಸೇರುವ ಎಳೆಗಳಿಂದ ಅದು ಬದುಕುತ್ತದೆ. ಕತ್ತರಿಸಿ ಬಿಡಿಸಿದಾಗ ಅದರ ತುದಿಗೆ ರಕ್ತ ಮೇಲಿನಿಂದಷ್ಟೇ ಬರಬೇಕು. ಕರುಳಿನ ಹಿಂಬದಿಯಿಂದ ಬಲಕ್ಕೆ ದಾಟಿಸಬೇಕಾದ ಎಡನಾಳದ ಪಾಡು ಇನ್ನೂ ಕಷ್ಟ. ರಕ್ತ ಸಾಲದ ತುದಿ ತಿಂಗಳುಗಳ ನಂತರ ಗಾಯಗಟ್ಟಿ ಕಿರಿದಾಗುತ್ತದೆ. ಅನೇಕ ವೇಳೆ ನೋವೂ ಇಲ್ಲದೆ ಮೂತ್ರಪಿಂಡ ಕೆಡುತ್ತದೆ. ಶಸ್ತ್ರಕ್ರಿಯೆಯ ದಿನ ಬಿಳಿ ಬೆಳಕಿನಲ್ಲಿ ನೋಡಿದರೆ ಬದುಕುವ ತುದಿಯೂ ಸಾಯುವ ತುದಿಯೂ ಒಂದೇ ಬಣ್ಣದಲ್ಲಿ ಕಾಣಬಹುದು.

ಇಲ್ಲಿಗೆ ಬೆಳಕು ಬಂದದ್ದು ಛಾಯಾಚಿತ್ರದ ಲೋಕದಿಂದ. ಇಂಡೋಸಯನೈನ್ ಗ್ರೀನ್ ಕೊಡಾಕ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಬಣ್ಣ. (ನಮ್ಮ ಕಚೇರಿಗಳಲ್ಲಿ ಹಸಿರು ಶಾಯಿ ಎಂದರೆ ಹಿರಿಯ ಅಧಿಕಾರಿಯ ಸಹಿ, ಹಸಿರಿನ ಅಧಿಕಾರದ ಬಗ್ಗೆ ನನಗಿದ್ದ ತಿಳಿವಳಿಕೆ ಅಷ್ಟೇ.) 1957ರಲ್ಲಿ ಮೇಯೋ ಕ್ಲಿನಿಕ್‌ನ ಇರ್ವಿನ್ ಫಾಕ್ಸ್ ಮತ್ತು ಅರ್ಲ್ ವುಡ್ ಹೃದಯ ಹೊರದೂಡುವ ರಕ್ತವನ್ನು ಅಳೆಯಲು ಅದನ್ನು ಬಳಸಿದರು. ಹಿಂದಿನ ಬಣ್ಣಗಳ ಅಳತೆಯನ್ನು ರಕ್ತದ ಆಮ್ಲಜನಕದ ಏರಿಳಿತ ಕೆಡಿಸುತ್ತಿತ್ತು. ಈ ಬಣ್ಣವಾದರೋ ಸುಮಾರು 800 ನ್ಯಾನೋಮೀಟರ್ ತರಂಗದ ಬೆಳಕನ್ನು ಹೀರುತ್ತದೆ. ಆ ಬಿಂದುವಿನಲ್ಲಿ ಆಮ್ಲಜನಕ ಇರುವ, ಇಲ್ಲದ ರಕ್ತ ಎರಡೂ ಒಂದೇ. ರಕ್ತದ ಪ್ರೋಟೀನಿಗೆ ಅಂಟಿಕೊಂಡು ನಾಳದೊಳಗೇ ಉಳಿದು, ನಿಮಿಷಗಳಲ್ಲಿ ಯಕೃತ್ತಿನ ಮೂಲಕ ಪಿತ್ತಕ್ಕೆ ಹೋಗುತ್ತದೆ. 1959ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು.

ಅಂದು ಬೇಕಾದದ್ದು ಅದು ಹೀರುವ ಬೆಳಕು. ಮರಳಿ ಸೂಸುವ ಬೆಳಕಲ್ಲ. ಆ ಪ್ರತಿದೀಪ್ತಿಯನ್ನು 1970ರ ದಶಕದಲ್ಲಿ ಕಣ್ಣಿನ ರಕ್ತನಾಳಗಳನ್ನು ನೋಡಲು ಬಳಸಿಕೊಂಡರು. ಶಸ್ತ್ರಕ್ರಿಯೆಯ ಮೇಜಿಗೆ ಅದು ಬರಲು ತಕ್ಕ ಕ್ಯಾಮೆರಾ ಬೇಕಿತ್ತು. 2003ರಲ್ಲಿ ಮಣಿ ಮೆನನ್ ಮತ್ತು ಸಂಗಡಿಗರು ರೋಬಾಟ್ ನೆರವಿನಿಂದ ಮೂತ್ರಕೋಶ ತೆಗೆದ 17 ಪ್ರಕರಣಗಳನ್ನು ಪ್ರಕಟಿಸಿದರು; ಮುಂದಿನ ದಶಕದ ಹೊಸ್ತಿಲಲ್ಲಿ ರೋಬಾಟಿನ ಕಣ್ಣಿಗೇ ಅವರಕ್ತ ಕಿರಣದ ದೃಷ್ಟಿ ಸೇರಿತು. ಯಂತ್ರದ ತೋಳಿಗೆ ಬೆರಳಿನ ಸ್ಪರ್ಶವಿಲ್ಲದ ಕಡೆ ಇದು ಚಿಕ್ಕ ಸಂಗತಿಯಲ್ಲ.

ತೋಳಿನ ಅಭಿಧಮನಿಗೆ ಬಣ್ಣ ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ಪರದೆಯ ಮೇಲೆ ರಕ್ತ ಹರಿದಲ್ಲೆಲ್ಲ ಹಸಿರು ಏರುತ್ತದೆ. ಈ ಹಸಿರು ಆ ಬಣ್ಣದ್ದಲ್ಲ. ಕಣ್ಣಿಗೆ ಕಾಣದ ಕಿರಣಕ್ಕೆ ಯಂತ್ರ ಬಳಿದದ್ದು. ನಾಳದ ತುದಿ ಕಪ್ಪಾಗಿ ಉಳಿದರೆ, ಹಸಿರು ಶುರುವಾಗುವಲ್ಲಿಯವರೆಗೆ ಅದನ್ನು ಕತ್ತರಿಸುತ್ತಾರೆ. ಕರುಳಿನ ತುಂಡಿಗೂ ಇದೇ ಪರೀಕ್ಷೆ. ಆದರೆ ಹೊಳಪು ರಕ್ತ ತಲುಪಿದೆ ಎನ್ನುತ್ತದೆಯೇ ಹೊರತು ಸಾಕಷ್ಟು ತಲುಪಿದೆ ಎಂದಲ್ಲ. ಎಷ್ಟು ಹೊಳೆದರೆ ಸಾಕು ಎಂಬುದನ್ನು ಬಹುಮಟ್ಟಿಗೆ ವೈದ್ಯರ ಕಣ್ಣೇ ಹೇಳಬೇಕು. ಹೆಚ್ಚು ಕತ್ತರಿಸಿದರೆ ನಾಳ ಮೊಟಕಾಗುತ್ತದೆ, ಕರುಳಿಗೆ ಎಳೆದು ಹೊಲಿಯಬೇಕಾಗುತ್ತದೆ. ಎಳೆದರೆ ಮತ್ತೆ ರಕ್ತ ಕಡಿಮೆ.