ಪುಸ್ತಕದ ಪಂಚಾಯಿತಿ, ಊರಿನ ಪಂಚಾಯಿತಿ: ಶಾಲಾ ಪೌರನೀತಿಯ ಒಂದು ಚರಿತ್ರೆ

ಭಾರತದ ಶಾಲಾ ಮಕ್ಕಳಿಗೆ 'ನಾಗರಿಕ' ಎಂದರೆ ಯಾರು ಎಂದು ಹೇಳಿಕೊಟ್ಟ ಆರಂಭದ ಪಠ್ಯಪುಸ್ತಕಗಳಲ್ಲಿ ಒಂದನ್ನು ಬರೆದವರು ಮೈಸೂರಿನ ಮಾಜಿ ರೆಸಿಡೆಂಟರು. ವಿಲಿಯಂ ಲೀ-ವಾರ್ನರ್ ಮುಂಬೈ ಪ್ರಾಂತ್ಯದ ಸಿವಿಲ್ ಅಧಿಕಾರಿ. 1895ರಲ್ಲಿ ಕೆಲಕಾಲ ಮೈಸೂರಿನ ರೆಸಿಡೆಂಟ್ ಮತ್ತು ಕೊಡಗಿನ ಚೀಫ್ ಕಮಿಷನರ್ ಆಗಿದ್ದು, ಆಮೇಲೆ ಲಂಡನ್ನಿನ ಇಂಡಿಯಾ ಆಫೀಸಿನ ಕಾರ್ಯದರ್ಶಿಯಾದರು. ಅವರ 'ದಿ ಸಿಟಿಜನ್ ಆಫ್ ಇಂಡಿಯಾ' 1897ರಲ್ಲಿ ಮ್ಯಾಕ್‌ಮಿಲನ್ ಕಂಪನಿಯಿಂದ ಅಚ್ಚಾಯಿತು. ಅದಕ್ಕೂ ಮೊದಲು ದೇಶೀ ಸಂಸ್ಥಾನಗಳ ಅರಸರು ಬ್ರಿಟಿಷ್ ಸಾರ್ವಭೌಮತ್ವಕ್ಕೆ ಹೇಗೆ ಅಧೀನರು ಎಂಬುದನ್ನು ಕುರಿತು ಒಂದು ಗ್ರಂಥವನ್ನೇ ಬರೆದಿದ್ದ ಮನುಷ್ಯ ಈತ. ಅರಸರಿಗೆ ಹೇಳಿ ಮುಗಿಸಿದ್ದನ್ನು ಮಕ್ಕಳಿಗೂ ಹೇಳಲು ಕೂತಂತಿತ್ತು.

ಪುಸ್ತಕ ಹಳ್ಳಿಯಿಂದ ಶುರುವಾಗುತ್ತದೆ. ಆಮೇಲೆ ಪಟ್ಟಣ, ಜಿಲ್ಲೆ, ಪ್ರಾಂತ್ಯ, ದೇಶೀ ಸಂಸ್ಥಾನಗಳು, ಕೊನೆಗೆ ಸಾಮ್ರಾಜ್ಯ. ಶಾಂತಿ, ರೈಲು, ಆರೋಗ್ಯ, ವಿದ್ಯೆ ಇವನ್ನೆಲ್ಲ ಸರ್ಕಾರ ಹೇಗೆ ಒದಗಿಸಿದೆ, ಅದಕ್ಕೆ ಪ್ರತಿಯಾಗಿ ಪ್ರಜೆ ಹೇಗೆ ನಡೆದುಕೊಳ್ಳಬೇಕು ಎಂಬುದು ಅದರ ಸಾರ. ಈ ನಾಗರಿಕನಿಗೆ ಕರ್ತವ್ಯಗಳುಂಟು, ದೇಶದ ಸರ್ಕಾರವನ್ನು ಆರಿಸುವ ಅಥವಾ ಇಳಿಸುವ ಬಾಬತ್ತಿಲ್ಲ. ತಮಾಷೆಯೆಂದರೆ ಲೀ-ವಾರ್ನರ್ ಮೈಸೂರಿಗೆ ಬರುವ ಹೊತ್ತಿಗೆ ದಿವಾನ್ ರಂಗಾಚಾರ್ಲು ಕಾಲದ ಪ್ರಜಾಪ್ರತಿನಿಧಿ ಸಭೆಗೆ ಹದಿನಾಲ್ಕು ವರ್ಷ ತುಂಬಿತ್ತು. 1881ರಿಂದ ದಸರೆಯ ಸಮಯದಲ್ಲಿ ರೈತರು, ವರ್ತಕರು ಸಂಸ್ಥಾನದ ಮುಂದೆ ಅಹವಾಲು ಇಡುತ್ತಿದ್ದರು. ಆ ಸಭೆಗೆ ಅಧಿಕಾರ ಕಡಿಮೆಯಿತ್ತು, ನಿಜ. ಆದರೂ ಪ್ರಜೆ ಎದ್ದು ನಿಂತು ಪ್ರಶ್ನೆ ಕೇಳುವ ಒಂದು ಜಾಗ ಕಣ್ಣೆದುರಿಗೇ ಇತ್ತು.

ಅದೇ ಕಾಲದಲ್ಲಿ ಅಮೆರಿಕದ ವರ್ಜೀನಿಯಾದಲ್ಲೂ ಇಂಥದ್ದೊಂದು ಪಾಠ ರೂಪುಗೊಳ್ಳುತ್ತಿತ್ತು. ಅಲ್ಲಿನ ಹ್ಯಾಂಪ್ಟನ್ ಇನ್‌ಸ್ಟಿಟ್ಯೂಟ್ 1868ರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗಾಗಿ ಹುಟ್ಟಿದ ಶಾಲೆ. ಮುಂದೆ ಮೂಲನಿವಾಸಿ ಮಕ್ಕಳೂ ಅಲ್ಲಿಗೆ ಬಂದರು. 1900ರ ದಶಕದ ಆರಂಭದಲ್ಲಿ ಥಾಮಸ್ ಜೆಸ್ಸಿ ಜೋನ್ಸ್ ಎಂಬ ಅಧ್ಯಾಪಕ ಈ ವಿದ್ಯಾರ್ಥಿಗಳಿಗಾಗಿ ಪೌರನೀತಿ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಬೆರೆಸಿ 'ಸೋಷಿಯಲ್ ಸ್ಟಡೀಸ್' ಎಂಬ ಹೆಸರಿನಲ್ಲೇ ಪಠ್ಯಕ್ರಮ ಹೆಣೆದರು. ಅದರ ಧೋರಣೆ ಸ್ಪಷ್ಟ: ಈ ಜನಾಂಗಗಳು ಇನ್ನೂ ಬೆಳೆಯಬೇಕಾದವು, ಹಕ್ಕಿಗಾಗಿ ಆತುರಪಡುವ ಬದಲು ಶಿಸ್ತು, ದುಡಿಮೆ ಕಲಿಯಲಿ.

ಇದೇ ಜೋನ್ಸ್ ಮುಂದೆ ಅಮೆರಿಕದ ಪ್ರೌಢಶಾಲೆಗಳ ಪಠ್ಯ ಪರಿಷ್ಕರಿಸಲು ನೇಮಕವಾದ ಸೋಷಿಯಲ್ ಸ್ಟಡೀಸ್ ಸಮಿತಿಯ ಅಧ್ಯಕ್ಷರಾದರು. ಆ ಸಮಿತಿಯ 1916ರ ವರದಿಯಿಂದಲೇ ಜಗತ್ತಿನ ಹಲವು ಕಡೆಗೆ ಈ ವಿಷಯದ ಹೆಸರು ಹರಡಿತು. ಆದರೆ ವರದಿ ಬರೀ ಹ್ಯಾಂಪ್ಟನ್ನಿನ ನಕಲಲ್ಲ. ಅದನ್ನು ಸಂಯೋಜಿಸಿದ ಆರ್ಥರ್ ಡನ್ ಮಕ್ಕಳು ತಮ್ಮೂರಿನ ನೀರು, ಬೆಂಕಿ, ರಸ್ತೆ, ಆರೋಗ್ಯ ವ್ಯವಸ್ಥೆಗಳನ್ನು ನೋಡಿ ಕಲಿಯಬೇಕೆಂದರು. ಹೈಸ್ಕೂಲಿನ ಕೊನೆಯ ವರ್ಷಕ್ಕೆ 'ಪ್ರಜಾಪ್ರಭುತ್ವದ ಸಮಸ್ಯೆಗಳು' ಎಂಬ ಹೊಸ ಕೋರ್ಸನ್ನು ವರದಿ ಸೂಚಿಸಿತು. ಅಂದರೆ ವಿಧೇಯತೆ ಕಲಿಸುವ ಪಾಠ, ಕಣ್ಣು ತೆರೆಸುವ ಪಾಠ ಎರಡೂ ಒಂದೇ ಮನೆಯಲ್ಲಿ ಹುಟ್ಟಿದವು. ಮುಂದಿನ ಚರಿತ್ರೆಯಲ್ಲೂ ಇವೆರಡು ಬೇರೆಯಾಗಿ ಬಾಳಲಿಲ್ಲ.

ಸ್ವತಂತ್ರ ಭಾರತಕ್ಕೆ ಈ ಕಲ್ಪನೆ ಬಂದದ್ದು ಮೊದಲಿಯಾರ್ ಆಯೋಗದ ಮೂಲಕ. ಮದ್ರಾಸ್ ವಿಶ್ವವಿದ್ಯಾಲಯದ ಕುಲಪತಿ ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗ 1952ರ ಸೆಪ್ಟೆಂಬರಿನಲ್ಲಿ ನೇಮಕವಾಗಿ ಮರುವರ್ಷ ವರದಿ ಕೊಟ್ಟಿತು. ಅದರಲ್ಲಿ ಇಬ್ಬರು ವಿದೇಶಿ ಸದಸ್ಯರಿದ್ದರು. ಒಬ್ಬರು ಆಕ್ಸ್‌ಫರ್ಡಿನವರು, ಇನ್ನೊಬ್ಬರು ಅಮೆರಿಕದ ಅಟ್ಲಾಂಟಾದಿಂದ ಬಂದ ಕೆನೆತ್ ರಾಸ್ಟ್ ವಿಲಿಯಮ್ಸ್. ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ಪೌರನೀತಿಗಳನ್ನು ಬೆಸೆದ 'ಸಮಾಜ ಅಧ್ಯಯನ' ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯ ವಿಷಯವಾಗಲಿ ಎಂದು ಆಯೋಗ ಹೇಳಿತು. ಆಗ ತಾನೇ ಮೊದಲ ಮಹಾಚುನಾವಣೆ ಮುಗಿದಿತ್ತು. ಕೋಟಿಗಟ್ಟಲೆ ಹೊಸ ಮತದಾರರ ಮಕ್ಕಳು ಶಾಲೆಗೆ ಬರಲಿದ್ದರು.

ಬೆಸುಗೆ ಕೂಡಿಬರಲಿಲ್ಲ. ಇತಿಹಾಸ ಓದಿದ ಮೇಷ್ಟ್ರು ಮಾನ್ಸೂನ್ ಪಾಠ ಮಾಡಬೇಕು, ಭೂಗೋಳ ಓದಿದವರು ಸಂವಿಧಾನ ಹೇಳಬೇಕು. ಪುಸ್ತಕ ಬರೆದವರೂ ಹೆಚ್ಚಿನ ಕಡೆ ನಾಲ್ಕು ವಿಷಯಗಳ ಹಾಳೆಗಳನ್ನು ಒಂದೇ ರಟ್ಟಿನೊಳಗೆ ಹೊಲಿದರು, ಅಷ್ಟೆ. 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗ ಪ್ರೌಢಶಾಲಾ ಹಂತಕ್ಕೆ ಇತಿಹಾಸ, ಭೂಗೋಳ, ಪೌರನೀತಿಗಳನ್ನು ಮತ್ತೆ ಬೇರೆಬೇರೆಯಾಗಿ ಇಡುವುದೇ ಸರಿ ಎಂದಿತು. ಕೂಡಿಸುವುದು, ಬಿಡಿಸುವುದು, ಮತ್ತೆ ಕೂಡಿಸುವುದು: ಅಂದಿನಿಂದ ಇಂದಿನವರೆಗೆ ಸಮಿತಿಗಳ ಬಹಳಷ್ಟು ಶಕ್ತಿ ಹೋದದ್ದು ಈ ರಟ್ಟಿನ ಲೆಕ್ಕಕ್ಕೆ.

ನಿಜವಾದ ಜಗಳವೆಲ್ಲ ಇತಿಹಾಸದ ಸುತ್ತ ನಡೆಯಿತು. ಆರನೇ ತರಗತಿಗೆ ರೊಮಿಲಾ ಥಾಪರ್ ಬರೆದ 'ಪ್ರಾಚೀನ ಭಾರತ' 1966ರಲ್ಲಿ ಬಂತು. ಆರ್.ಎಸ್. ಶರ್ಮಾ ಅವರ ಪುಸ್ತಕವನ್ನು 1978ರಲ್ಲಿ ಜನತಾ ಸರ್ಕಾರದ ಕಾಲದಲ್ಲಿ ಸಿಬಿಎಸ್‌ಇ ಪಠ್ಯದಿಂದ ಹಿಂತೆಗೆಯಲಾಯಿತು. 2002ರಲ್ಲಿ ಪಠ್ಯಕ್ರಮದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕರ್ನಾಟಕದಲ್ಲೂ ಅದೇ ಕಥೆ: ಬರಗೂರು ರಾಮಚಂದ್ರಪ್ಪ ಸಮಿತಿ ಪರಿಷ್ಕರಿಸಿದ ಪುಸ್ತಕಗಳು 2022ರಲ್ಲಿ ಮರುಪರಿಷ್ಕರಣೆಗೊಂಡು, 2023ರಲ್ಲಿ ಸರ್ಕಾರ ಬದಲಾದ ಮೇಲೆ ಮತ್ತೆ ತಿದ್ದುಪಡಿ ಕಂಡವು. ಈ ಗದ್ದಲದಲ್ಲಿ ಪೌರನೀತಿ ಯಾರ ಕಣ್ಣಿಗೂ ಬೀಳಲಿಲ್ಲ. ಬೀಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ ಎನ್ನಬೇಕು. ರಾಜ್ಯಪಾಲರಾಗಲು ಎಷ್ಟು ವಯಸ್ಸಾಗಿರಬೇಕು, ರಾಜ್ಯಸಭಾ ಸದಸ್ಯರ ಅವಧಿ ಎಷ್ಟು, ಗ್ರಾಮ ಪಂಚಾಯಿತಿಯ ಐದು ಕಾರ್ಯಗಳನ್ನು ಪಟ್ಟಿ ಮಾಡಿ. ಹಳ್ಳಿಯಿಂದ ಹೊರಟು ಜಿಲ್ಲೆ, ರಾಜ್ಯ ದಾಟಿ ದೆಹಲಿ ಮುಟ್ಟುವ ಲೀ-ವಾರ್ನರ್ ದಾರಿಯೇ ಮುಂದುವರಿಯಿತು. ತುದಿಯಲ್ಲಿ ಸಾಮ್ರಾಜ್ಯದ ಬದಲು ಒಕ್ಕೂಟ ಸರ್ಕಾರ ಬಂದು ಕೂತಿತ್ತು.

ಕರ್ನಾಟಕದ ಮಟ್ಟಿಗೆ ಇದು ಇನ್ನಷ್ಟು ವಿಚಿತ್ರ. 1983ರ ಕಾಯ್ದೆಯ ಪ್ರಕಾರ 1987ರಲ್ಲಿ ಮಂಡಲ ಪಂಚಾಯತ್ ಮತ್ತು ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದಾಗ ಇಡೀ ದೇಶವೇ ಇತ್ತ ನೋಡಿತ್ತು. ಊರೂರಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡ ಸಚಿವ ಅಬ್ದುಲ್ ನಜೀರ್ ಸಾಬ್ ಈ ಪ್ರಯೋಗದ ಹಿಂದಿನ ಚಾಲಕ ಶಕ್ತಿ. ಮೀಸಲಾತಿಯಿಂದ ಹೆಂಗಸರು ಮೊದಲ ಸಲ ದೊಡ್ಡ ಸಂಖ್ಯೆಯಲ್ಲಿ ಪಂಚಾಯಿತಿ ಕಟ್ಟೆ ಹತ್ತಿದ್ದರು. ಶಾಲೆಯ ಗೋಡೆಯಾಚೆ ಇಷ್ಟೆಲ್ಲ ನಡೆಯುತ್ತಿರುವಾಗ ಒಳಗೆ 'ಬಿಟ್ಟ ಸ್ಥಳ ತುಂಬಿರಿ' ನಡೆದಿತ್ತು.

ಈ ಗೋಡೆಯಲ್ಲಿ ಕಿಟಕಿ ಕೊರೆದ ಗಂಭೀರ ಪ್ರಯತ್ನ ನಡೆದದ್ದು ಮಧ್ಯಪ್ರದೇಶದಲ್ಲಿ. ಹೋಶಂಗಾಬಾದ್ ಜಿಲ್ಲೆಯಲ್ಲಿ, ಅಂದರೆ ಈಗಿನ ನರ್ಮದಾಪುರಂನಲ್ಲಿ, 1972ರಿಂದಲೇ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ ಪ್ರಯೋಗ ಮಾಡಿ ಕಲಿಯುವ ವಿಜ್ಞಾನ ಕಾರ್ಯಕ್ರಮ ಶುರುವಾಗಿತ್ತು. ಅದನ್ನು ಮುಂದುವರಿಸಲು 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಸಮಾಜ ಅಧ್ಯಯನಕ್ಕೂ ಕೈಹಾಕಿತು. ವಿಜ್ಞಾನದಲ್ಲಾದರೆ ಲೆನ್ಸು, ಅಯಸ್ಕಾಂತ, ಬೀಜ ಕೈಗೆ ಕೊಡಬಹುದು. ಸಮಾಜವನ್ನು ಕೊಡುವುದು ಹೇಗೆ? ಪ್ರಯೋಗಶಾಲೆಯೇ ಇಲ್ಲದ ವಿಷಯ ಇದು ಎಂಬುದು ಆ ತಂಡಕ್ಕೆ ಎದುರಾದ ಮೊದಲ ತೊಡಕು. ಮಗು ಈಗಾಗಲೇ ಬಲ್ಲ ಊರು, ಸಂತೆ, ಗದ್ದೆಗಳನ್ನೇ ಪಾಠದ ಪಕ್ಕ ಇಟ್ಟು ಹೋಲಿಸುವುದು ಅವರು ಕಂಡುಕೊಂಡ ದಾರಿ.

1986ರಿಂದ ಒಂಬತ್ತು ಶಾಲೆಗಳಲ್ಲಿ ಆರರಿಂದ ಎಂಟನೇ ತರಗತಿಯವರೆಗೆ ಹೊಸ ಪುಸ್ತಕಗಳು ಬಂದವು. ರಾಜವಂಶಗಳ ಪಟ್ಟಿ ತೆಳ್ಳಗಾಗಿ, ಬೇಟೆಯಾಡಿ ಬದುಕಿದವರು, ಉತ್ತವರು, ತೆರಿಗೆ ಕಟ್ಟಿದವರು ಮುಂದೆ ಬಂದರು. ಪೌರನೀತಿಯ ಪಾಠಗಳು ಕಥೆಗಳಾದವು. ಆ ಕಥೆಯ ಪಂಚಾಯಿತಿಯಲ್ಲಿ ಹಣ ಸಾಲದು, ಒಳಜಗಳವುಂಟು, ಉಳ್ಳವರ ಮಾತು ಹೆಚ್ಚು ನಡೆಯುತ್ತದೆ. ಓದುತ್ತ ಹೋದಂತೆ ನಡುನಡುವೆ ಪ್ರಶ್ನೆಗಳು: ನಿಮ್ಮ ಊರಿನಲ್ಲಿ ಹೇಗೆ? ಇದು ಮಕ್ಕಳಲ್ಲಿ ಸಿನಿಕತನ ತುಂಬುವುದಿಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ಪಂಚಾಯಿತಿ ಸೊಗಸಾಗಿ ನಡೆಯುತ್ತಿದೆ ಎಂದು ಪುಸ್ತಕ ಹೇಳಿ, ಊರಿನ ಮಗು ಅದನ್ನು ಓದಿ ಒಳಗೊಳಗೇ ನಗುವುದು ಇನ್ನೂ ಕೆಟ್ಟ ಪಾಠ ಎನ್ನದೆ ವಿಧಿಯಿಲ್ಲ. ಪುಸ್ತಕ ಬೇರೆ, ಲೋಕ ಬೇರೆ ಎಂಬುದನ್ನು ಹನ್ನೆರಡನೆಯ ವಯಸ್ಸಿಗೇ ಕಲಿತವರು ಮುಂದೆ ಗ್ರಾಮಸಭೆಗೆ ಯಾಕೆ ಹೋದಾರು?

ಏಕಲವ್ಯ ಪ್ರಯೋಗದ ನಿಜವಾದ ಕೀಲು ಪರೀಕ್ಷೆಯಲ್ಲಿತ್ತು. ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡೇ ಉತ್ತರ ಬರೆಯಬಹುದಿತ್ತು. ಆದ್ದರಿಂದ ಪ್ರಶ್ನೆ ತೆಗೆಯುವವರಿಗೆ ಕಷ್ಟವಾಯಿತು, ನೇರವಾಗಿ ಪುಸ್ತಕದಲ್ಲಿ ಸಿಗುವುದನ್ನು ಕೇಳುವಂತಿಲ್ಲ. ಎರಡು ಸಂಗತಿ ಹೋಲಿಸಿ, ನಕಾಶೆ ನೋಡಿ ಊಹಿಸಿ, ಕಾರಣ ಹುಡುಕಿ ಎನ್ನಬೇಕಾಯಿತು. ಬಾಯಿಪಾಠಕ್ಕೆ ಬೆಲೆ ಹೋದ ಕೂಡಲೇ ತರಗತಿಯಲ್ಲಿ ನೋಟ್ಸ್ ಬರೆಸುವುದಕ್ಕೂ ಅರ್ಥ ಉಳಿಯುವುದಿಲ್ಲ. ಭಾರತದ ಸಮಾಜ ಪಾಠದ ಸುಧಾರಣೆಗಳಲ್ಲಿ ಪುಸ್ತಕ ಮತ್ತು ಪರೀಕ್ಷೆ ಎರಡನ್ನೂ ಒಟ್ಟಿಗೆ ಬದಲಿಸಿದವು ತೀರಾ ಅಪರೂಪ. ಈ ಅನುಭವವನ್ನು ಮರುಪರಿಶೀಲಿಸಿದ ಪ್ರಬಂಧಗಳನ್ನು ಪೂನಮ್ ಬಾತ್ರಾ 2010ರಲ್ಲಿ ಗ್ರಂಥವಾಗಿ ಸಂಪಾದಿಸಿದ್ದಾರೆ.

ಒಂಬತ್ತು ಶಾಲೆ ದಾಟಿ ಕಾರ್ಯಕ್ರಮ ಬೆಳೆಯಲಿಲ್ಲ. 2002ರಲ್ಲಿ ರಾಜ್ಯ ಸರ್ಕಾರ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮವನ್ನು ನಿಲ್ಲಿಸಿತು. ಆ ಹೊತ್ತಿಗೆ ಅದು ಸುಮಾರು ಸಾವಿರ ಶಾಲೆಗಳಿಗೆ ಹಬ್ಬಿತ್ತು. ವಾದವಿವಾದವೆಲ್ಲ ವಿಜ್ಞಾನದ ಮೇಲೆ ನಡೆದರೂ ಸಮಾಜ ಅಧ್ಯಯನವೂ ಅದರ ಜೊತೆಗೇ ಮುಚ್ಚಿಹೋಯಿತು.

ಮುಚ್ಚಿದ ಮೂರೇ ವರ್ಷಕ್ಕೆ ಅದೇ ಆಲೋಚನೆಗಳು ದೆಹಲಿಯ ಬಾಗಿಲಿಗೆ ಬಂದವು. ಕೃಷ್ಣ ಕುಮಾರ್ ಎನ್‌ಸಿಇಆರ್‌ಟಿ ನಿರ್ದೇಶಕರಾಗಿದ್ದಾಗ ರೂಪುಗೊಂಡ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಪೌರನೀತಿಯ ವಸಾಹತುಶಾಹಿ ಹುಟ್ಟನ್ನು ನೇರವಾಗಿ ಎತ್ತಿತು. ಗೋಪಾಲ ಗುರು ಅಧ್ಯಕ್ಷತೆಯ ಸಮಾಜ ವಿಜ್ಞಾನ ಬೋಧನಾ ಗುಂಪು ಆ ಜಾಗದಲ್ಲಿ ರಾಜ್ಯಶಾಸ್ತ್ರ ಬರಲಿ ಎಂದಿತು. ಆರರಿಂದ ಎಂಟನೇ ತರಗತಿಗೆ 'ಸಾಮಾಜಿಕ ಮತ್ತು ರಾಜಕೀಯ ಜೀವನ' ಪುಸ್ತಕಗಳು 2006ರಿಂದ ಒಂದೊಂದಾಗಿ ಬಂದವು. ಏಕಲವ್ಯದವರೂ ಆ ಬರವಣಿಗೆಯಲ್ಲಿ ಪಾಲುಗೊಂಡರು.

ಏಳನೇ ತರಗತಿಯ ಒಂದು ಪಾಠವನ್ನು ಗಮನಿಸಬೇಕು. ಕರ್ನೂಲಿನ ಸ್ವಪ್ನಾ ಎಂಬ ಸಣ್ಣ ರೈತಳು ವ್ಯಾಪಾರಿಯಿಂದ ಸಾಲ ಪಡೆದು ಹತ್ತಿ ಬೆಳೆಯುತ್ತಾಳೆ. ಸಾಲದ ಷರತ್ತಿನಂತೆ ಅವನಿಗೇ ಮಾರಬೇಕು, ಅವನು ಹೇಳಿದ ದರಕ್ಕೆ. ಅಲ್ಲಿಂದ ಪಾಠ ಈರೋಡಿನ ಬಟ್ಟೆ ಮಾರುಕಟ್ಟೆಗೆ, ಮಗ್ಗದವರ ಮನೆಗೆ, ದೆಹಲಿ ಬಳಿಯ ಗಾರ್ಮೆಂಟ್ ಕಾರ್ಖಾನೆಗೆ ಹೋಗಿ, ಅಮೆರಿಕದ ಅಂಗಡಿಯಲ್ಲಿ ತೂಗಾಡುವ ಶರ್ಟಿನಲ್ಲಿ ಮುಗಿಯುತ್ತದೆ. ಯಾರಿಗೆ ಎಷ್ಟು ಉಳಿಯಿತು ಎಂದು ಮಗುವೇ ಲೆಕ್ಕ ಹಾಕಬೇಕು. ಬಳ್ಳಾರಿಯ ಜೀನ್ಸ್ ಹೊಲಿಗೆಯವರ, ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ಮನೆಯ ಮಗುವಿಗೆ ಇದು ದೂರದ ಮಾತಲ್ಲ.

ಅದೇ ಪುಸ್ತಕದ ಕೊನೆಯಲ್ಲಿ ತವಾ ಮತ್ಸ್ಯ ಸಂಘದ ಕಥೆಯಿತ್ತು. ಹೋಶಂಗಾಬಾದ್ ಜಿಲ್ಲೆಯ ತವಾ ಅಣೆಕಟ್ಟಿನಲ್ಲಿ ಊರು ಕಳೆದುಕೊಂಡವರು ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದರು. 1994ರಲ್ಲಿ ಸರ್ಕಾರ ಆ ಹಕ್ಕನ್ನು ಖಾಸಗಿ ಗುತ್ತಿಗೆದಾರರಿಗೆ ಕೊಟ್ಟಿತು. ಜನ ಸಂಘ ಕಟ್ಟಿ ಹೋರಾಡಿದರು, 1996ರಲ್ಲಿ ಹಕ್ಕು ಅವರ ಕೈಗೆ ಬಂತು. ಈ ಪಾಠವಿದ್ದ 'ಸಮಾನತೆಗಾಗಿ ಹೋರಾಟಗಳು' ಅಧ್ಯಾಯವನ್ನು ಕೋವಿಡ್ ನಂತರ, 2022ರಲ್ಲಿ, ಹೊರೆ ಇಳಿಸುವ ಹೆಸರಿನಲ್ಲಿ ಕೈಬಿಡಲಾಯಿತು. 2024ರಲ್ಲಿ ಎನ್‌ಸಿಇಆರ್‌ಟಿ ಆರನೇ ತರಗತಿಗೆ ಇತಿಹಾಸ, ಭೂಗೋಳ, ನಾಗರಿಕ ಜೀವನವನ್ನೆಲ್ಲ ಸೇರಿಸಿ ಒಂದೇ ಪುಸ್ತಕ ತಂದಿತು. ಎಪ್ಪತ್ತು ವರ್ಷದ ಮೇಲೆ ಮತ್ತೆ ಮೊದಲಿಯಾರ್ ಅವರ ರಟ್ಟು.

ಕರ್ನಾಟಕದ ಎಂಟರಿಂದ ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂದು ಆರು ವಿಭಾಗಗಳಿವೆ. ಸರ್ಕಾರಿ ಹೈಸ್ಕೂಲಿನಲ್ಲಿ ಸಾಮಾನ್ಯವಾಗಿ ಒಬ್ಬರೇ ಕಲಾ ಶಿಕ್ಷಕರು ಆರನ್ನೂ ದಾಟಿಸಬೇಕು. ಮಾರ್ಚ್ ಹೊತ್ತಿಗೆ ಎಸ್ಸೆಸ್ಸೆಲ್ಸಿ ಬರುತ್ತದೆ, ಬರುವ ಮುಂಚೆ 'ಪಾಸಿಂಗ್ ಪ್ಯಾಕೇಜ್' ಬರುತ್ತದೆ. 2018ರಲ್ಲಿ ಶಿಕ್ಷಣ ಸಚಿವರಾಗಿದ್ದ ಎನ್. ಮಹೇಶ್ ತೆರೆದ ಪುಸ್ತಕ ಪರೀಕ್ಷೆಯ ಮಾತೆತ್ತಿದ್ದರು. ಕೆಲದಿನ ಪತ್ರಿಕೆಗಳಲ್ಲಿ ಚರ್ಚೆಯಾಯಿತು, ಕಾಪಿ ಹೊಡೆಯಲು ಪರವಾನಗಿ ಎಂಬ ಟೀಕೆಯೂ ಕೇಳಿತು. ಹೋಶಂಗಾಬಾದಿನ ಒಂಬತ್ತು ಶಾಲೆಗಳಲ್ಲಿ ಅದು ಸುಮಾರು ಹದಿನೈದು ವರ್ಷ ನಡೆದಿತ್ತು ಎಂಬುದು ಆ ಚರ್ಚೆಯಲ್ಲಿ ಮುಂದಕ್ಕೆ ಬರಲೇ ಇಲ್ಲ.

ಪಠ್ಯದ ಹೊರಗೆ ಮಾತ್ರ ಈ ರಾಜ್ಯ ತನ್ನದೇ ಒಂದು ದಾರಿ ತೆರೆದಿದೆ. ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿಯ ಪ್ರಯೋಗ ನಡೆದಿತ್ತು. ಮುಂದಿನ ದಶಕದಲ್ಲಿ ಸರ್ಕಾರವೇ ಎಲ್ಲ ಗ್ರಾಮ ಪಂಚಾಯಿತಿಗಳೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸೂಚಿಸಿತು. ಶಾಲೆಯ ಕಾಂಪೌಂಡು, ಹೆಣ್ಣುಮಕ್ಕಳ ಶೌಚಾಲಯ, ನಿಲ್ಲಿಸದೆ ಹೋಗುವ ಬಸ್ಸು, ದಾರಿಯಲ್ಲಿನ ಮದ್ಯದ ಅಂಗಡಿ, ಬೀದಿದೀಪ: ಮಕ್ಕಳು ಮೈಕ್ ಹಿಡಿದು ಕೇಳುತ್ತಾರೆ, ಪಿಡಿಒ ಮತ್ತು ಅಧ್ಯಕ್ಷರು ಅಲ್ಲೇ ಉತ್ತರ ಕೊಡಬೇಕು. ಎಷ್ಟೋ ಕಡೆ ಇದು ಹಾರ, ತುರಾಯಿ, ಭಾಷಣದಲ್ಲೇ ಮುಗಿಯುತ್ತದೆ, ಕೆಲವು ಕಡೆ ಕೆಲಸವೂ ಆಗುತ್ತದೆ. ಎರಡರ ದಾಖಲೆಯೂ ಪಂಚಾಯಿತಿ ಕಚೇರಿಗಳ ನಡಾವಳಿ ಪುಸ್ತಕಗಳಲ್ಲಿ ಸೇರುತ್ತದೆ. ಪೌರನೀತಿಯ ಚರಿತ್ರೆ ಬರೆಯುವವರು ಇಷ್ಟು ದಿನ ಆಯೋಗಗಳ ವರದಿಗಳನ್ನೂ ಪಠ್ಯಪುಸ್ತಕಗಳನ್ನೂ ಓದಿದ್ದಾರೆ. ಇನ್ನು ಮುಂದೆ ಈ ನಡಾವಳಿಗಳನ್ನೂ ಆಕರವಾಗಿ ಬಿಡಿಸಿ ನೋಡಬೇಕಾಗುತ್ತದೆ: ಯಾವ ಊರಿನ ಮಕ್ಕಳು ಏನು ಕೇಳಿದರು, ಮರುವರ್ಷ ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಕಾಯಿತೇ ಎಂದು.