ಕೊಡಗಿನ ಮನೆಗಳಲ್ಲಿ ಚಳಿಗಾಲದ ಬಿಸಿಲು: ಅಡ್ಡಿಗಳ ಲೆಕ್ಕ

ಯಂತ್ರದ ನೆರವಿಲ್ಲದೆ ಕಿಟಕಿ, ಗೋಡೆ ಹಾಗೂ ನೆಲದ ಮೂಲಕವೇ ಸೂರ್ಯನ ಶಾಖವನ್ನು ಹಿಡಿದಿಟ್ಟು ಮನೆಯನ್ನು ಬೆಚ್ಚಗಿಡುವ ಕ್ರಮಕ್ಕೆ ನಿಷ್ಕ್ರಿಯ ಸೌರ ತಾಪನ ಎಂದು ಹೆಸರು. ಬಯಲುಸೀಮೆಗೆ ಇದರ ಅಗತ್ಯ ಕಡಿಮೆ. ಸಮುದ್ರಮಟ್ಟದಿಂದ 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಮಡಿಕೇರಿಯ ಮಾತು ಬೇರೆ. ಆದರೆ ಅಲ್ಲಿ ಮನೆ ಹೇಗಿದೆ ಎಂಬುದಕ್ಕಿಂತ ಮನೆಯ ಸುತ್ತ ಏನಿದೆ ಎಂಬುದೇ ಹೆಚ್ಚು ನಿರ್ಣಾಯಕ.

ಡಿಸೆಂಬರ್‌ 21ರ ಆಸುಪಾಸಿನಲ್ಲಿ ಮಡಿಕೇರಿಯ ಸೂರ್ಯ ಮಧ್ಯಾಹ್ನ 12.25ರ ಸುಮಾರಿಗೆ ದಕ್ಷಿಣದಲ್ಲಿ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಬೆಳಿಗ್ಗೆ 9.25ಕ್ಕೆ ಆಗ್ನೇಯದಲ್ಲಿ 33 ಡಿಗ್ರಿ. ಅದಕ್ಕೂ ಒಂದು ಗಂಟೆ ಮೊದಲು 21 ಡಿಗ್ರಿ ಮಾತ್ರ. ಕಿಟಕಿಯಿಂದ ನೋಡಿದಾಗ ಆ ದಿಕ್ಕಿನ ಗುಡ್ಡದ ನೆತ್ತಿಯಾಗಲಿ ಮರದ ತುದಿಯಾಗಲಿ ಈ ಕೋನಕ್ಕಿಂತ ಮೇಲಿದ್ದರೆ ಆ ಹೊತ್ತಿನ ನೇರ ಬಿಸಿಲು ಒಳಗೆ ಬಾರದು.

ಮೊದಲ ಅಡ್ಡಿ ಮನೆಯದೇ ಸೂರು. ಮುಂಗಾರಿನ ಇರಿಚಲನ್ನು ತಡೆಯಲು ಕೊಡಗಿನಲ್ಲಿ ಸೂರು ಆಳವಾಗಿ ಚಾಚಿರಲೇಬೇಕು. ದಕ್ಷಿಣದ ಗೋಡೆಯಿಂದ ಒಂದು ಮೀಟರ್‌ ಚಾಚಿದ ಸೂರು ಮಧ್ಯಾಹ್ನ ತನ್ನ ಕೆಳಗಿನ ಸುಮಾರು 1.4 ಮೀಟರ್‌ ಗೋಡೆಗೆ ನೆರಳು ಕವಿಸುತ್ತದೆ. ಹೀಗಾಗಿ ಒಳಗೆ ದೂರಕ್ಕೆ ಚಾಚುವುದು ಬೆಳಗಿನ ಹಾಗೂ ಸಂಜೆಯ ತಗ್ಗಿನ ಬಿಸಿಲು ಮಾತ್ರ. ಮರಗಳು ತಿನ್ನುವುದೂ ಅದೇ ಬಿಸಿಲನ್ನು.

ಕಾಫಿ ತೋಟದ ಸಿಲ್ವರ್‌ ಓಕ್‌ ನಿತ್ಯಹರಿದ್ವರ್ಣದ ಮರ. ಚಳಿಗಾಲದಲ್ಲಿ ಎಲೆಯುದುರಿಸಿ ಬಿಸಿಲು ಬಿಟ್ಟುಕೊಡುವ ಶೀತದೇಶಗಳ ಮರಗಳ ಉಪಾಯ ಇಲ್ಲಿ ಸಲ್ಲದು. 25 ಮೀಟರ್‌ ಎತ್ತರದ ಸಾಲಿನ ನೆರಳು ಸಮತಟ್ಟಿನಲ್ಲಿ ಬೆಳಿಗ್ಗೆ 9.25ಕ್ಕೆ 38 ಮೀಟರ್‌ ಚಾಚುತ್ತದೆ. ನೆಲ ವಾಯವ್ಯಕ್ಕೆ 15 ಡಿಗ್ರಿ ಇಳಿಜಾರಾಗಿದ್ದರೆ ಅದೇ ನೆರಳು 65 ಮೀಟರ್‌ ಮುಟ್ಟುತ್ತದೆ. ಕೊಡಗಿನಲ್ಲಿ ಸಮತಟ್ಟು ನೆಲವೇ ಅಪರೂಪವಾದ್ದರಿಂದ ಎರಡನೆಯ ಲೆಕ್ಕವೇ ವಾಸ್ತವಕ್ಕೆ ಹತ್ತಿರ.

ಹಳೆಯ ಐನ್‌ಮನೆಗಳನ್ನು ಈ ದೃಷ್ಟಿಯಿಂದ ನೋಡಬೇಕು. ಸಾಮಾನ್ಯವಾಗಿ ಅವು ಎತ್ತರದ ನೆಲದಲ್ಲಿ, ಪೂರ್ವಕ್ಕೆ ಮುಖಮಾಡಿ ನಿಂತಿವೆ. ಹಲವಕ್ಕೆ ಎದುರಿನಲ್ಲೇ ಗದ್ದೆಬಯಲು. ಉದ್ದೇಶ ಬೇರೆಯೇ ಇದ್ದಿರಬಹುದು, ಆದರೆ ಗದ್ದೆಯಲ್ಲಿ ನೆರಳು ಚೆಲ್ಲುವಂಥದ್ದೇನೂ ಇಲ್ಲ; ಬೆಳಗಿನ ಬಿಸಿಲು ಸೂರಿನಡಿಯಿಂದ ಜಗಲಿಗೆ ನೇರ ಬರುತ್ತದೆ. ಆ ಗದ್ದೆಯಲ್ಲೇ ಮನೆಯೆದ್ದರೆ, ತೋಟ ಬೆಳೆದರೆ, ಹಿಂದಿನ ಮನೆಯ ಬಿಸಿಲು ಹೋಯಿತು.

ಮರದ ಅಡ್ಡಿಗೆ ಪರಿಹಾರವುಂಟು. ಮನೆಯ ಆಗ್ನೇಯಕ್ಕೆ ಸಿಲ್ವರ್‌ ಓಕ್‌ ಬದಲು ಕೊಂಬೆ ಕಡಿಸಿಕೊಂಡರೂ ಬೇಗ ಚಿಗುರುವ ಹಾಲುವಾಣವಿರಲಿ. ತೋಟದಲ್ಲಿ ನೆರಳು ತೆಗೆಯುವುದು ಮುಂಗಾರಿಗೆ ಮುನ್ನ. ಮನೆಯ ಬಳಿಯದನ್ನು ಮಳೆ ಮುಗಿದ ಮೇಲೆ ಸವರುವುದು ಸರಿ.

ಗುಡ್ಡದ ಅಡ್ಡಿಗೆ ಪರಿಹಾರವಿಲ್ಲ. ಬಿಸಿಲಿಗಾಗಲಿ, ನೋಟಕ್ಕಾಗಲಿ ಗುಡ್ಡ ಕಡಿಯುವುದು ಕೊಡಗಿನಲ್ಲಿ ಅಪಾಯಕಾರಿ. 2018ರ ಆಗಸ್ಟ್‌ನ ಭೂಕುಸಿತಗಳಿಗೆ ಭಾರಿ ಮಳೆಯ ಜೊತೆಗೆ ಇಳಿಜಾರನ್ನು ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಗುರುತಿಸಿತ್ತು. ನಿವೇಶನ ಕೊಳ್ಳುವವರು ಡಿಸೆಂಬರ್‌ನ ಒಂದು ಬೆಳಿಗ್ಗೆ, ಮಂಜು ಕರಗಿದ ಬಳಿಕ ಅಲ್ಲಿ ನಿಂತು ನೋಡುವುದು ಮೇಲು.